ಚೆಂಡು ಯಾರ ಪೈಕಿ?



ಕಳೆದ ತಿಂಗಳು ಉದ್ರಿ ಖಾತೆಯ ಬಗ್ಗೆ ಬರೆದಿದ್ದೆ. ಕೊಡಬೇಕಾದವರು ವೇಳೆಗೆ ಸರಿಯಾಗಿ ಕೊಡದಿದ್ದರೆ ಸಣ್ಣ ವ್ಯಾಪಾರಿಯ ಪಾಡು ಏನಾಗುತ್ತದೆಂದು ಹಲವರು ಫೋನ್ ಮಾಡಿ ತಮ್ಮ ತಮ್ಮ ಅನುಭವ ಹೇಳಿಕೊಂಡರು. ಈ ತಿಂಗಳು ನಾನೇ ಕೊಡಬೇಕಾಗಿ ಉಳಿದುಹೋದ ಒಂದು ಬಾಕಿಯ ವಿಷಯ ಬರೆಯುತ್ತೇನೆ. ಇದು ರೂಪಾಯಿ ಪೈಸೆಯ ಲೆಕ್ಕದ್ದಲ್ಲ, ಫುಟ್‌ಬಾಲ್ ಆಟಕ್ಕೆ ಸಂಬಂಧಿಸಿದ್ದು. ಅರವತ್ತು ದಾಟಿದ ಕಿರಾಣಿ ಅಂಗಡಿಯವನಿಗೂ ಫುಟ್‌ಬಾಲಿಗೂ ಎತ್ತಣಿಂದೆತ್ತ ಸಂಬಂಧ ಎಂದು ನಗಬೇಡಿರಿ. ಪೂರ್ತಿ ಓದಿ ಆಮೇಲೆ ನಕ್ಕರೆ ನನ್ನ ತಕರಾರಿಲ್ಲ.

ಕಳೆದ ವರ್ಷ ಶ್ರಾವಣದ ಒಂದು ರವಿವಾರ. ನಮ್ಮ ಲಿಂಗನೂರಿನ ಮನೆಯ ಕಟ್ಟೆಯ ಮೇಲೆ ಪೇಪರ್ ಓದುತ್ತ ಕುಳಿತಿದ್ದೆ. ಏಳನೇ ಇಯತ್ತೆ ಓದುವ ನನ್ನ ಮೊಮ್ಮಗ ಆಟ ಮುಗಿಸಿಕೊಂಡು, ಮೈಯೆಲ್ಲ ಕೆಸರು ಮಾಡಿಕೊಂಡು, ನಾಲ್ವರು ಗೆಳೆಯರನ್ನು ಕರೆದುಕೊಂಡು ಬಂದ. ನಮ್ಮ ಮನೆಯವರು ಸೋಸಿದ ನೀರಿನ ತಂಬಿಗೆ, ಲೋಟ, ಒಂದು ತಾಟಿನಲ್ಲಿ ಶೇಂಗಾ ಬೆಲ್ಲ ತಂದಿಟ್ಟರು. ಇಬ್ಬರು ಹುಡುಗರ ಗುರುತು ನನಗಿತ್ತು. ಅವರ ತಂದೆಯರು ನಮ್ಮ ಅಂಗಡಿಯ ಗಿರಾಕಿಗಳು. ಉಳಿದಿಬ್ಬರು ಹೊಸಬರು. ಅವರಲ್ಲಿ ಒಬ್ಬನ ಕಾಲಿನಲ್ಲಿ ಒಳ್ಳೆಯ ಬೂಟು ಇದ್ದವು. ಇನ್ನೊಬ್ಬನದು ಬರಿಗಾಲು. ನಾನು ಬರಿಗಾಲಿನ ಹುಡುಗನನ್ನು ನೋಡಿ, "ಏನಪಾ, ಯಾರ ಪೈಕಿ ನೀ?" ಎಂದು ಕೇಳಿದೆ.

ನಮ್ಮ ಕಡೆಯಲ್ಲಿ ಈ ಪ್ರಶ್ನೆಯ ಅರ್ಥ ಹುಟ್ಟಿದ ಮಗುವಿಗೂ ಗೊತ್ತು. ಹುಡುಗ ತಲೆ ತಗ್ಗಿಸಿದ. ತುಟಿಯ ತನಕ ಒಯ್ದಿದ್ದ ಲೋಟವನ್ನು ಕೆಳಗಿಟ್ಟು, "ಮನ್ಯಾಗ ಕುಡೀತೀನ್ರಿ" ಎಂದು ಹೇಳಿ ಹೊರಟೇ ಹೋದ. ಉಳಿದವರು ಶೇಂಗಾ ತಿಂದು ಹೋದರು. ಆಮೇಲೆ ಮೊಮ್ಮಗ ನನ್ನ ಎದುರು ಬಂದು ನಿಂತು ಕೇಳಿದ:

"ಅಜ್ಜಾ, ನಾಕು ಮಂದಿ ಬಂದಿದ್ರು. ನೀವು ಅವನೊಬ್ಬನ್ನ ಯಾಕ ಕೇಳಿದ್ರಿ?"

"ಸುಮ್ನ ಕೇಳಿದ್ನೋ" ಅಂದೆ. ಆದರೆ ಸುಮ್ಮನೆ ಕೇಳಿರಲಿಲ್ಲ. ಬೂಟಿನ ಹುಡುಗನೂ ಹೊಸಬನೇ ಆಗಿದ್ದ, ಅವನನ್ನು ನಾನು ಕೇಳಲಿಲ್ಲ. ನಲವತ್ತೈದು ವರ್ಷ ತಕ್ಕಡಿ ಹಿಡಿದ ಕೈ ನನ್ನದು. ಮುಳ್ಳು ಯಾವ ಕಡೆ ವಾಲಿತು ಎಂಬುದು ನನಗೆ ತಿಳಿಯದೆ ಇರಲಿಲ್ಲ.

"ಅವ ನಮ್ಮ ಗೋಲಕೀಪರ್, ಅಜ್ಜಾ. ಇನ್ನ ನಮ್ಮ ಮನೀಗೆ ಬರೂದಿಲ್ಲ ನೋಡ್ರಿ" ಎಂದು ಮೊಮ್ಮಗ ಒಳಗೆ ಹೋದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಐವತ್ತು ವರ್ಷ ಹಿಂದಿನ ಒಂದು ಮಾತು ನೆನಪಾಗಿ ಕಾಡಿತು.

1974ರ ಸುಮಾರಿಗೆ ನಾನು ಒಂಬತ್ತನೇ ಇಯತ್ತೆಯಲ್ಲಿದ್ದೆ. ನಮ್ಮ ತಂದೆಯವರಿಗೆ ಫುಟ್‌ಬಾಲ್ ಎಂದರೆ ಆಗುತ್ತಿರಲಿಲ್ಲ, ಯಾಕೆಂದರೆ ಚೆಂಡು ಚರ್ಮದ್ದು. ಚರ್ಮದ ವಸ್ತು ಹೊಸ್ತಿಲೊಳಗೆ ಬರಕೂಡದೆಂದು ಅವರ ನಿಯಮ. ನಾನು ಅತ್ತು ಕರೆದು ಮಿರಜಿನಿಂದ ಒಂದು ರಬ್ಬರ್ ಚೆಂಡು ತರಿಸಿಕೊಂಡೆ. ಓಣಿಯಲ್ಲಿ ಚೆಂಡಿದ್ದವನು ನಾನೊಬ್ಬನೇ. ಆದ್ದರಿಂದ ಯಾರು ಆಡಬೇಕು, ಯಾರು ಆಡಬಾರದು ಎಂಬ ಹುಕುಂ ಸಹ ನನ್ನದೇ ಆಯಿತು. ಊರ ಹೊರಗಿನ ಕೇರಿಯ ಒಬ್ಬ ಹುಡುಗ ಗೋಲಿನ ಹಿಂದೆ ನಿಂತು, ದೂರ ಹೋದ ಚೆಂಡನ್ನು ಓಡಿ ತಂದುಕೊಡುತ್ತಿದ್ದ. ತಂದವನು ಕೈಯಿಂದ ಕೊಡುತ್ತಿರಲಿಲ್ಲ. ಕಾಲಿನಿಂದ ಒದ್ದು ಸರಿಯಾಗಿ ನನ್ನ ಕಾಲಿನ ಬುಡಕ್ಕೆ ಮುಟ್ಟಿಸುತ್ತಿದ್ದ. ನಮ್ಮಲ್ಲಿ ಯಾರಿಗೂ ಆ ಕೈಚಳಕ, ಅಲ್ಲ, ಕಾಲಚಳಕ ಇರಲಿಲ್ಲ.

ಪಕ್ಕದ ಊರಿನ ಹುಡುಗರೊಂದಿಗೆ ಪಂದ್ಯ ಗೊತ್ತಾಯಿತು. ಗೆಳೆಯರು ಅವನನ್ನು ಆಡಿಸೋಣ ಎಂದರು. ನಾನು ಬೇಡವೆಂದೆ. ಬುತ್ತಿ ಒಂದೇ ಕಡೆ ಬಿಚ್ಚಬೇಕು, ನೀರಿನ ಕೊಡ ಒಂದೇ, ಮನೆಯಲ್ಲಿ ತಿಳಿದರೆ ಬೈಯುತ್ತಾರೆ ಎಂದು ಕಾರಣ ಹೇಳಿದೆ. ನಿಜ ಹೇಳಬೇಕೆಂದರೆ ಮನೆಯಲ್ಲಿ ಯಾರೂ ನನ್ನನ್ನು ಕೇಳಿರಲಿಲ್ಲ. ಅವನು ನಮ್ಮ ಜೊತೆ ನಾಲ್ಕು ಮೈಲು ನಡೆದು ಬಂದು ಪಂದ್ಯವನ್ನು ಹೊರಗೆ ನಿಂತು ನೋಡಿದ. ನಾವು ಸೋತೆವು. ತಿರುಗಿ ಬರುವಾಗ ಚೆಂಡನ್ನು ಹೊತ್ತುಕೊಂಡು ಬಂದವನೂ ಅವನೇ.

ಬಂಧುಗಳೇ, ಚರ್ಮದ ಚೆಂಡು ಬೇಡವೆನ್ನುವುದು ವ್ರತ. ಅಹಿಂಸೆಯ ಮನೆಯಲ್ಲಿ ಅದಕ್ಕೆ ಅರ್ಥವಿದೆ. ಚರ್ಮದ ಕೆಲಸ ಮಾಡುವವನ ಮಗ ಬೇಡವೆನ್ನುವುದು ಬೇರೆ ಮಾತು. ಅದಕ್ಕೆ ನಮ್ಮ ಹಿರಿಯರು ಕುಲಮದ, ಜಾತಿಮದ ಎಂದು ಹೆಸರಿಟ್ಟು ಅಷ್ಟಮದಗಳಲ್ಲಿ ಎಣಿಸಿದ್ದಾರೆ. ನಾನು ವ್ರತದ ಹೆಸರು ಹೇಳಿ ಮದವನ್ನು ಸಾಕಿಕೊಂಡಿದ್ದೆ. ಈಗ ಆ ಚರ್ಮದ ನೆಪವೂ ಉಳಿದಿಲ್ಲ. 1986ರ ಮೆಕ್ಸಿಕೋ ವಿಶ್ವಕಪ್ಪಿನಿಂದಲೇ ಪೂರ್ತಿ ಕೃತಕ ವಸ್ತುವಿನ ಚೆಂಡು ಬಂದಿದೆ. ಚೆಂಡು ಬದಲಾಯಿತು, ನನ್ನ ಪ್ರಶ್ನೆ ಮಾತ್ರ ಬದಲಾಗಲಿಲ್ಲ.

ಮೊಮ್ಮಗನ ಮಾತು ಚುಚ್ಚಿದ ಮೇಲೆ ನಾನು ಈ ಆಟದ ಚರಿತ್ರೆಯನ್ನು ಕೇಳಿ, ಓದಿ ಸ್ವಲ್ಪ ತಿಳಿದುಕೊಂಡೆ. ಓದಿದ ಹಾಗೆಲ್ಲ ನನ್ನ ಊರಿನ ಕಥೆಯೇ ಬೇರೆ ಬೇರೆ ಊರಿನ ಹೆಸರಿನಲ್ಲಿ ಎದುರಾಯಿತು.

ಕಲಕತ್ತೆಯ ಈಸ್ಟ್ ಬೆಂಗಾಲ್ ಸಂಘದ ಹೆಸರನ್ನು ನೀವು ಕೇಳಿರಬಹುದು. ಅದು ಹುಟ್ಟಿದ್ದೇ ಒಂದು ಅವಮಾನದಿಂದ. 1920ರ ಜುಲೈ ತಿಂಗಳಲ್ಲಿ ಜೋಡಾಬಗಾನ್ ಎಂಬ ಸಂಘಕ್ಕೆ ಮೋಹನ್ ಬಗಾನ್ ಜೊತೆ ಪಂದ್ಯವಿತ್ತು. ಶೈಲೇಶ್ ಬೋಸ್ ಎಂಬ ಒಳ್ಳೆಯ ಆಟಗಾರನನ್ನು ಅಂದು ಹೊರಗಿಟ್ಟರು. ಅವರು ಪೂರ್ವ ಬಂಗಾಳದ ಕಡೆಯವರು, ಅದೇ ಕಾರಣ ಎಂಬ ಮಾತು ಎದ್ದಿತು. ಸಂಘದ ಉಪಾಧ್ಯಕ್ಷರಾಗಿದ್ದ ಸುರೇಶಚಂದ್ರ ಚೌಧುರಿಯವರೂ ಪೂರ್ವ ಬಂಗಾಳದವರೇ. ಅವರು ಬೇಡಿಕೊಂಡರೂ ಕೇಳಲಿಲ್ಲ. ಅವರು ಆ ಸಂಘವನ್ನೇ ಬಿಟ್ಟು, ಕೆಲವೇ ದಿನಗಳಲ್ಲಿ, 1920ರ ಆಗಸ್ಟ್ 1ರಂದು, ಗೆಳೆಯರೊಡನೆ ಈಸ್ಟ್ ಬೆಂಗಾಲ್ ಸಂಘ ಕಟ್ಟಿದರು. ಒಂದೇ ಭಾಷೆ, ಒಂದೇ ಊಟ, ಆದರೂ ನದಿಯ ಆಚೆಯವನು, ಈಚೆಯವನು ಎಂಬ ಭೇದ!

ಇದರ ಮುಂದಿನ ಕಥೆ ನಮಗೆ ಕನ್ನಡಿಗರಿಗೆ ಇನ್ನೂ ಹತ್ತಿರದ್ದು. 1949ರ ನಂತರ ಅದೇ ಈಸ್ಟ್ ಬೆಂಗಾಲ್ ಸಂಘದ ಮುಂಚೂಣಿಯಲ್ಲಿ ಐದು ಜನ ಆಡಿದರು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್, ಸಾಲೆ. ಐವರೂ ದಕ್ಷಿಣದವರು. ಬಂಗಾಳಿ ಒಬ್ಬನೂ ಇಲ್ಲ. ಅಹಮದ್ ಖಾನ್ ನಮ್ಮ ಬೆಂಗಳೂರಿನವರು. ಈ ಐವರಿಗೆ ಕಲಕತ್ತೆಯ ಜನ ಪ್ರೀತಿಯಿಂದ ಪಂಚಪಾಂಡವರು ಎಂದು ಹೆಸರಿಟ್ಟರು. ಅಹಮದ್ ಖಾನರೂ ಒಬ್ಬ ಪಾಂಡವ, ಸಾಲೆಯವರೂ ಒಬ್ಬ ಪಾಂಡವ! ಪ್ರಾಂತದ ಹೆಸರಿನಲ್ಲಿ ನೋವುಂಡವರು ಕಟ್ಟಿದ ಸಂಘ, ಮುಂದೆ ಪ್ರಾಂತ, ಭಾಷೆ, ಧರ್ಮ ನೋಡದೆ ಐವರನ್ನು ಮಕ್ಕಳಂತೆ ಕಂಡಿತು. ನೋವು ತಿಂದವನು ಮತ್ತೊಬ್ಬನಿಗೆ ನೋವು ಕೊಡಬೇಕೆಂಬ ನಿಯಮವೇನೂ ಇಲ್ಲವಲ್ಲ.

ಬೆಂಗಳೂರಿಗೆ ಈ ಆಟದಲ್ಲಿ ಹಳೆಯ ಹೆಸರಿದೆ. ಮುಂಬಯಿಯ ರೋವರ್ಸ್ ಕಪ್ ಪಂದ್ಯಾವಳಿ ಬಹಳ ವರ್ಷ ಗೋರಾ ಪಲ್ಟನ್‌ಗಳ ಸ್ವತ್ತಾಗಿತ್ತು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಎಂಬ ಸಂಘ ಅದನ್ನು ಗೆದ್ದಿತು. ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ಸಂಘ ಅದು. ಮರುವರ್ಷವೂ ಅದೇ ಗೆದ್ದಿತು. ಮುಂದೆ 1948ರ ಲಂಡನ್ ಒಲಿಂಪಿಕ್ಸಿಗೆ ಸ್ವತಂತ್ರ ಭಾರತದ ತಂಡ ಹೋಯಿತು. ನಾಯಕರು ನಾಗಾ ಬೆಟ್ಟದ ಕಡೆಯ ತಾಲಿಮೆರೆನ್ ಆವ್, ವೈದ್ಯಕೀಯ ಓದುತ್ತಿದ್ದ ತರುಣ. ತಂಡದಲ್ಲಿ ಬಂಗಾಳದ ಶೈಲೇನ್ ಮನ್ನಾ ಇದ್ದರು, ಬೆಂಗಳೂರಿನ ಅಹಮದ್ ಖಾನ್ ಇದ್ದರು. ಫ್ರಾನ್ಸ್ ವಿರುದ್ಧ 1-2ರಿಂದ ಸೋತರೂ, ಒಲಿಂಪಿಕ್ಸಿನಲ್ಲಿ ಭಾರತದ ಮೊದಲ ಗೋಲು ಹೊಡೆದವರು ಅಂದಿನ ಮೈಸೂರು ಸಂಸ್ಥಾನದ ಪರ ಆಡುತ್ತಿದ್ದ ಸಾರಂಗಪಾಣಿ ರಾಮನ್. ಆ ತಂಡದ ಹೆಚ್ಚಿನವರು ಆಡಿದ್ದು ಬರಿಗಾಲಿನಲ್ಲಿ! ಇದನ್ನು ಓದಿದಾಗ ನಮ್ಮ ಕಟ್ಟೆಗೆ ಬಂದ ಹುಡುಗನ ಪಾದಗಳು ನನ್ನ ಕಣ್ಣೆದುರು ಬಂದವು.

ಹೀಗೆಂದು ಎಲ್ಲ ಒಳ್ಳೆಯದೇ ಎಂದೂ ಹೇಳುವಂತಿಲ್ಲ. 2012ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಸುಳ್ಳು ವದಂತಿ ಹಬ್ಬಿ, ಈಶಾನ್ಯ ರಾಜ್ಯಗಳ ಸಾವಿರಾರು ಜನ ಹೆದರಿ ರೈಲು ಹತ್ತಿ ಊರಿಗೆ ಹೋದದ್ದು ನಿಮಗೆ ನೆನಪಿರಬಹುದು. ಅವರ ಮುಖ ನೋಡಿ "ನೀನು ಯಾವ ದೇಶದವ?" ಎಂದು ಕೇಳುವ ನಮ್ಮ ಚಾಳಿ ಅವರ ಹೆದರಿಕೆಗೆ ಹಿಂದಿನಿಂದಲೂ ಮಣ್ಣು ಗೊಬ್ಬರ ಹಾಕಿತ್ತು. ಮರುವರ್ಷ, 2013ರಲ್ಲಿ, ಅದೇ ಊರಿನಲ್ಲಿ ಬೆಂಗಳೂರು ಎಫ್‌ಸಿ ಎಂಬ ಸಂಘ ಹುಟ್ಟಿ, ಮೊದಲ ವರ್ಷವೇ ದೇಶದ ಐ-ಲೀಗ್ ಗೆದ್ದಿತು. ಆ ತಂಡದಲ್ಲಿ ಈಶಾನ್ಯದ ಹುಡುಗರೂ ಇದ್ದರು. ಹದಿನೇಳು ವರ್ಷದೊಳಗಿನವರ ವಿಶ್ವಕಪ್ 2017ರಲ್ಲಿ ನಮ್ಮ ದೇಶದಲ್ಲೇ ನಡೆದಾಗ ಭಾರತದ ಏಕೈಕ ಗೋಲು ಹೊಡೆದವನು ಮಣಿಪುರದ ಜೀಕ್ಸನ್ ಸಿಂಗ್. ಅದೇ ತಂಡದಲ್ಲಿ ನಮ್ಮ ಪಕ್ಕದ ಕೊಲ್ಲಾಪುರದ ಅನಿಕೇತ ಜಾಧವನೂ ಇದ್ದ. ಚೆಂಡು ಮಣಿಪುರದಿಂದ ಕೊಲ್ಲಾಪುರಕ್ಕೆ, ಕೊಲ್ಲಾಪುರದಿಂದ ಮಣಿಪುರಕ್ಕೆ ಹೋಗುವಾಗ ಯಾರ ಪೈಕಿ ಎಂದು ಕೇಳಲಿಲ್ಲ.

ಕೊಲ್ಲಾಪುರದ ಮಾತು ಬಂದಿತು. ಬೆಲ್ಲದ ಖರೀದಿಗೆಂದು ವರ್ಷಕ್ಕೆ ಹತ್ತು ಸಲವಾದರೂ ನಾನು ಅಲ್ಲಿಗೆ ಹೋಗುತ್ತಿದ್ದೆ. ಕುಸ್ತಿಯ ಆ ಊರಿನಲ್ಲಿ ಫುಟ್‌ಬಾಲ್ ಸಹ ತಾಲೀಮುಗಳ ಕೈಯಲ್ಲಿ ಬೆಳೆದಿದೆ. ಪಾಟಾಕಡೀಲ ತಾಲೀಮು, ಖಂಡೋಬಾ ತಾಲೀಮು, ದಿಲ್‌ಬಹಾರ್ ತಾಲೀಮು, ಬಾಲಗೋಪಾಲ ತಾಲೀಮು, ಹೀಗೆ ಒಂದೊಂದು ಪೇಠೆಗೆ ಒಂದೊಂದು ಸಂಘ. ಪಂದ್ಯದ ದಿನ ಶಾಹೂ ಸ್ಟೇಡಿಯಂನಲ್ಲಿ ಸಾಸಿವೆ ಹಾಕಲು ಜಾಗ ಇರುವುದಿಲ್ಲ. ಅಲ್ಲಿಯ ಸಂಘಗಳು ಇತ್ತೀಚಿನ ವರ್ಷಗಳಲ್ಲಿ ದೂರದ ನೈಜೀರಿಯಾದ ಆಟಗಾರರನ್ನೂ ಕರೆಸಿ ಆಡಿಸಿವೆ. ಆಫ್ರಿಕಾದ ಆಟಗಾರ ಗೋಲು ಹೊಡೆದರೆ ಪೇಠೆಯೆಲ್ಲ ಅವನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತದೆ. ಅದೇ ಸ್ಟೇಡಿಯಂನಲ್ಲಿ ಎರಡು ಪೇಠೆಗಳ ಹುಡುಗರು ಒಬ್ಬರ ಮೇಲೊಬ್ಬರು ಕಲ್ಲು ತೂರಿದ, ಪೊಲೀಸರು ನಡುವೆ ಬರಬೇಕಾದ ಪ್ರಸಂಗಗಳೂ ನಡೆದಿವೆ. 1902ರಷ್ಟು ಹಿಂದೆಯೇ ತಮ್ಮ ಸಂಸ್ಥಾನದ ನೌಕರಿಯಲ್ಲಿ ಹಿಂದುಳಿದವರಿಗೆ ನೂರಕ್ಕೆ 50ರಷ್ಟು ಸ್ಥಾನ ಮೀಸಲಿಟ್ಟ ಶಾಹೂ ಮಹಾರಾಜರ ಹೆಸರು ಆ ಸ್ಟೇಡಿಯಂಗೆ ಇದೆ. ಆ ಹೆಸರಿನ ಕೆಳಗೆ ಕುಳಿತು ಇನ್ನೊಬ್ಬನ ಓಣಿಯನ್ನು, ಕುಲವನ್ನು ಹಿಡಿದು ಬೈಯುವವರಿಗೆ ಏನು ಹೇಳೋಣ?

ಶ್ರೀಮಂತ ದೇಶಗಳಲ್ಲಿ ಹೀಗಿಲ್ಲವೆಂದು ತಿಳಿಯಬೇಡಿರಿ. 2023ರ ಮೇ ತಿಂಗಳಲ್ಲಿ ಸ್ಪೇನ್ ದೇಶದ ವೆಲೆನ್ಸಿಯಾದಲ್ಲಿ ಬ್ರೆಜಿಲಿನ ಕಪ್ಪು ಆಟಗಾರ ವಿನಿಸಿಯಸ್‌ನನ್ನು ಪ್ರೇಕ್ಷಕರು ಮೈಬಣ್ಣ ಹಿಡಿದು ಹೀಯಾಳಿಸಿದರು. ಆದರೆ ಅಲ್ಲಿ ಆ ಮಾತು ಗಾಳಿಗೆ ಹೋಗಲಿಲ್ಲ. 2024ರ ಜೂನ್‌ನಲ್ಲಿ ಮೂವರಿಗೆ ಎಂಟೆಂಟು ತಿಂಗಳ ಶಿಕ್ಷೆಯಾಯಿತು. ಹೆಣ್ಣುಮಕ್ಕಳ ಮಾತು ಇನ್ನೂ ವಿಚಿತ್ರ. ಈ ಆಟಕ್ಕೆ ನಿಯಮ ಬರೆದುಕೊಟ್ಟ ಇಂಗ್ಲೆಂಡಿನಲ್ಲೇ, 1921ರಲ್ಲಿ, ಹೆಂಗಸರ ಪಂದ್ಯಗಳಿಗೆ ಸಂಘಗಳ ಮೈದಾನ ಕೊಡಬಾರದೆಂದು ಠರಾವು ಮಾಡಿದರು. ಅದು ತೆರವಾಗಲು ಸುಮಾರು ಐವತ್ತು ವರ್ಷ ಬೇಕಾಯಿತು. ನಮ್ಮಲ್ಲಿ 2022ರಲ್ಲಿ ಹದಿನೇಳು ವರ್ಷದೊಳಗಿನ ಹುಡುಗಿಯರ ವಿಶ್ವಕಪ್ ನಡೆದಾಗ ಭಾರತದ ನಾಯಕಿ ಜಾರ್ಖಂಡದ ಆದಿವಾಸಿ ಹುಡುಗಿ ಅಸ್ತಮ್ ಉರಾಂವ್. ಈ ವಿಷಯವನ್ನು ನಾನು ಮನೆಯಲ್ಲಿ ಓದಿ ಹೇಳಿದಾಗ ನನ್ನ ಮೊಮ್ಮಗಳು, "ಹಂಗಾದ್ರ ನಾನೂ ಆಡ್ಲೇನ್ರಿ ಅಜ್ಜಾ?" ಎಂದಳು. ಅವಳ ಅಜ್ಜಿ ನನ್ನ ಮುಖ ನೋಡಿದರು. ನಾನು ಸೊಸೆಯ ಮುಖ ನೋಡಿದೆ. ಸೊಸೆ, "ಆಡು, ಅಭ್ಯಾಸ ಮುಗಿಸಿ ಹೋಗು" ಎಂದು ಒಂದೇ ಮಾತಿನಲ್ಲಿ ತೀರಿಸಿದಳು. ನಾವು ಹಿರಿಯರು ಸುಮ್ಮನೆ ಕಷ್ಟಪಟ್ಟೆವು.

ಭೇದ ಮಾಡಿದವರು ಕಲಕತ್ತೆಯವರು, ಸ್ಪೇನಿನವರು ಎಂದು ಬೆರಳು ತೋರಿಸಿ ಕೂತರೆ ಸಾಲದು. ನಮ್ಮ ಕರ್ಮವೀರ ಭಾವೂರಾವ್ ಪಾಟೀಲರು 1887ರಲ್ಲಿ ಕುಂಭೋಜದಲ್ಲಿ ನಮ್ಮ ಸಮಾಜದಲ್ಲೇ ಹುಟ್ಟಿದವರು. ಹುಡುಗರಿದ್ದಾಗ ಕೊಲ್ಲಾಪುರದ ಜೈನ ಬೋರ್ಡಿಂಗಿನಲ್ಲಿದ್ದರು. ಅಸ್ಪೃಶ್ಯರೆನಿಸಿದ ಮಕ್ಕಳಿಗಾಗಿ ತೆರೆದ ಮಿಸ್ ಕ್ಲಾರ್ಕ್ ವಸತಿಗೃಹದ ಸಮಾರಂಭಕ್ಕೆ ಹೋಗಿ ಬಂದ ಮೇಲೆ ಸ್ನಾನ ಮಾಡಲು ಒಪ್ಪದ್ದಕ್ಕೆ ಬೋರ್ಡಿಂಗ್ ಬಿಡಬೇಕಾಯಿತೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಅದೇ ಹುಡುಗ ಮುಂದೆ 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿದರು. 1924ರಲ್ಲಿ ಸಾತಾರೆಯಲ್ಲಿ ಎಲ್ಲ ಜಾತಿಯ ಮಕ್ಕಳು ಒಂದೇ ಪಂಕ್ತಿಯಲ್ಲಿ ಉಣ್ಣುವ ವಸತಿಗೃಹ ತೆರೆದರು. ಇಂದು ನಾವು ಅವರ ಭಾವಚಿತ್ರಕ್ಕೆ ಹಾರ ಹಾಕುತ್ತೇವೆ. ಹಾರ ಹಾಕುವ ಕೈಯೇ ಮರುದಿನ ಲೋಟ ಬೇರೆ ಇಟ್ಟರೆ ಆ ಹಾರಕ್ಕೆ ಬೆಲೆ ಎಷ್ಟು?

ವ್ಯಾಪಾರಿಗಳಾದ ನಾವು ಒಂದು ವಿಷಯ ಯೋಚಿಸಬೇಕು. ಗಲ್ಲೆಗೆ ಬರುವ ನೋಟಿಗೆ ನಾವು ಎಂದೂ ಯಾರ ಪೈಕಿ ಎಂದು ಕೇಳಿಲ್ಲ. ಹತ್ತು ಕೇರಿಯ ಗಿರಾಕಿ ಬಂದರೂ "ಬರ್ರಿ, ಕುಂಡ್ರಿ" ಎನ್ನುತ್ತೇವೆ. ಅಂಗಡಿಯ ಕಟ್ಟೆಯಲ್ಲಿ ಇರುವ ಸಮಾನತೆ ಮನೆಯ ಕಟ್ಟೆಗೆ ಬರುವಷ್ಟರಲ್ಲಿ ಎಲ್ಲಿ ಕಳೆದುಹೋಗುತ್ತದೆ? ಲಾಭವಿರುವಲ್ಲಿ ಮಾತ್ರ ಸಮಭಾವ ಇದ್ದರೆ ಅದಕ್ಕೆ ವ್ಯವಹಾರ ಎನ್ನಬೇಕು. ಧರ್ಮ ಎನ್ನಲಾಗದು.

ಇನ್ನು ನನ್ನ ಬಾಕಿಯ ಮಾತು. 1974ರ ಆ ಗೆಳೆಯ, ಗೆಳೆಯ ಎಂದು ಈಗ ಬರೆಯುತ್ತಿದ್ದೇನೆ, ಅಂದು ಕರೆಯಲಿಲ್ಲ, ಮುಂದೆ ರೈಲ್ವೆಯಲ್ಲಿ ನೌಕರಿ ಹಿಡಿದ. ಮಿರಜ ಸ್ಟೇಶನ್ನಿನಲ್ಲಿ ಎರಡು ಮೂರು ಸಲ ಭೆಟ್ಟಿಯಾಗಿದ್ದ. ಪ್ರತಿ ಸಲವೂ ಅವನೇ ಮೊದಲು ನಮಸ್ಕಾರ ಮಾಡಿದ, "ಸಾವ್ಕಾರ, ಆರಾಮ ಇದ್ದೀರಿ?" ಎಂದು ಕೇಳಿದ. ನಾನು ಒಮ್ಮೆಯೂ ಆ ಪಂದ್ಯದ ಮಾತು ತೆಗೆಯಲಿಲ್ಲ. ಕಳೆದ ವರ್ಷ, ಮೊಮ್ಮಗನ ಪ್ರಶ್ನೆಯ ನಂತರ, ಅವನ ಮನೆ ಎಲ್ಲಿದೆಯೆಂದು ವಿಚಾರಿಸಿದೆ. ತೀರಿಕೊಂಡು ನಾಲ್ಕು ವರ್ಷವಾಯಿತೆಂದು ತಿಳಿಯಿತು. ಕೊಡಬೇಕಾದವನೇ ಇಲ್ಲದ ಮೇಲೆ ಬಾಕಿಯನ್ನು ಯಾರ ಖಾತೆಗೆ ಜಮಾ ಮಾಡಲಿ? ಉದ್ರಿ ತೀರಿಸದವರ ಬಗ್ಗೆ ಕಳೆದ ತಿಂಗಳು ಅಷ್ಟು ಖಾರವಾಗಿ ಬರೆದವನು ನಾನೇ.

ದಶಲಕ್ಷಣ ಪರ್ವ ಮುಗಿದು ಕ್ಷಮಾವಾಣಿಯ ದಿನ ಬಂತು. ಪ್ರತಿ ವರ್ಷ ಬಸದಿಯಲ್ಲಿ ನಮ್ಮ ನಮ್ಮವರ ಕೈ ಹಿಡಿದು ಕ್ಷಮೆ ಕೇಳುತ್ತೇವೆ. ಯಾರಿಗೆ ನಾವು ತಪ್ಪು ಮಾಡಿರುವುದೇ ಇಲ್ಲವೋ ಅವರ ಹತ್ತಿರ ಕ್ಷಮೆ ಕೇಳುವುದು ಸುಲಭ. ಆ ದಿನ ಸಂಜೆ ನಾನು ಮೊಮ್ಮಗನ ಜೊತೆ ಆಟದ ಬಯಲಿಗೆ ಹೋದೆ. ಗೋಲಕೀಪರ್ ಹುಡುಗ ನನ್ನನ್ನು ನೋಡಿ ದೂರ ಸರಿದ. ನಾನೇ ಹತ್ತಿರ ಹೋಗಿ, "ತಮ್ಮಾ, ಅವತ್ತ ನಾ ತಪ್ಪು ಕೇಳಿದೆ. ಮನಸ್ಸಿನ್ಯಾಗ ಇಟ್ಕೋಬ್ಯಾಡ" ಎಂದೆ. ಹುಡುಗನಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ಕೈಯಲ್ಲಿದ್ದ ಚೆಂಡನ್ನು ತಿರುಗಿಸುತ್ತ ನಿಂತ. ಆಮೇಲೆ, "ಇರ್ಲಿ ಬಿಡ್ರಿ ಅಜ್ಜಾ" ಎಂದ. ನನಗೆ ಅವನು ಅಜ್ಜ ಎಂದ. ಅಷ್ಟು ಸಾಕಾಯಿತು.

ನಾನು ಉಪದೇಶ ಮಾಡುವಷ್ಟು ದೊಡ್ಡವನಲ್ಲ. ಆದರೂ ನನ್ನ ಮನೆಯಲ್ಲಿ ಮಾಡಿಕೊಂಡ ನಾಲ್ಕು ನಿಯಮ ಹೇಳುತ್ತೇನೆ, ಹಿಡಿಸಿದರೆ ತೆಗೆದುಕೊಳ್ಳಿರಿ. ಮಕ್ಕಳ ಗೆಳೆಯರು ಬಂದರೆ ಹೆಸರು ಕೇಳುವುದು, ಅಡ್ಡಹೆಸರು ಕೇಳದಿರುವುದು. ಎಲ್ಲರಿಗೂ ಒಂದೇ ತಂಬಿಗೆ, ಒಂದೇ ತರಹದ ಲೋಟ. ಮೈದಾನದಲ್ಲಿ ನಮ್ಮ ಮಗು ಯಾರನ್ನಾದರೂ ಜಾತಿ, ಬಣ್ಣ, ಊರು ಹಿಡಿದು ಬೈದರೆ, ಗೆದ್ದು ಬಂದಿದ್ದರೂ ಆ ದಿನ ಶಾಬಾಸ್ ಎನ್ನದಿರುವುದು. ಚೆಂಡು ಕೊಡಿಸಿದರೆ, ಚೆಂಡಿನ ಮಾಲಕ ತಂಡದ ಮಾಲಕನಲ್ಲ ಎಂದು ಕೂಡಿಸಿಕೊಂಡು ಹೇಳುವುದು. ಈ ನಾಲ್ಕನೆಯದನ್ನು 1974ರಲ್ಲಿ ನನಗೆ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು.

ಕ್ಷಮಾವಾಣಿಯಾಗಿ ಹದಿನೈದು ದಿನಕ್ಕೆ ಮತ್ತೆ ನಾಲ್ವರೂ ನಮ್ಮ ಕಟ್ಟೆಗೆ ಬಂದರು. ಬೂಟಿನವನೂ ಬಂದ, ಬರಿಗಾಲಿನವನೂ ಬಂದ. ಆಗಲೇ ಹೊತ್ತು ಇಳಿಯುತ್ತಿತ್ತು. ನಾನು ನಾಲ್ವರನ್ನೂ ಒಂದೇ ಪ್ರಶ್ನೆ ಕೇಳಿದೆ: "ಊಟಾ ಆತೇನ್ರೋ? ನಮ್ಮ ಮನ್ಯಾಗ ಹೊತ್ತು ಮುಳುಗೂದ್ರೊಳಗ ಉಣ್ಣೂದು. ಕೈಕಾಲು ತೊಳಕೊಂಡು ಲಗೂ ಬರ್ರಿ."

ಗೋಲಕೀಪರ್ ಎರಡು ರೊಟ್ಟಿ ಹೆಚ್ಚಿಗೆ ತಿಂದ. ತಿನ್ನಲಿ, ಗೋಲು ಕಾಯುವವನು.

ಜೈ ಜಿನೇಂದ್ರ.